ಸಮುದ್ರದ ನೀರಿಗೆ ಕರೆಂಟ್ ಕೊಟ್ಟು ಒಂದು ಚಮಚ ಸಿಹಿನೀರು ತೆಗೆದ ಕಥೆ

ಮೊದಲು ಫಲಿತಾಂಶ ಹೇಳಿಬಿಡುತ್ತೇನೆ, ಆಮೇಲೆ ನಿರಾಸೆ ಆಗೋದು ಬೇಡ. ಹತ್ತು ಗಂಟೆ ಓಡಿಸಿದ ಮೇಲೆ ಸಿಕ್ಕಿದ್ದು 5.1 ಗ್ರಾಂ ನೀರು. ಸರಿಯಾಗಿ ಒಂದು ಚಮಚ. ಜೊತೆಗೆ ಸುಮಾರು 11 ವ್ಯಾಟ್-ಅವರ್ ಕರೆಂಟ್. ಗುಡ್ಡ ಅಗೆದು ಇಲಿ ಹಿಡಿದ ಹಾಗೆ ಅಂತ ನೀವು ಹೇಳಬಹುದು. ಆದರೆ ಈ ಇಲಿ ಸಮುದ್ರದಿಂದ ಬಂದದ್ದು, ಉಪ್ಪಿಲ್ಲದ್ದು, ಮಧ್ಯೆ ಒಮ್ಮೆ ಗ್ಯಾಸ್ ಆಗಿ ವಾಪಸ್ ನೀರಾದದ್ದು. ಹಾಗಾಗಿ ನನಗೆ ಖುಷಿ ಇದೆ.

ಐಡಿಯಾ ಸರಳ. ಸಮುದ್ರದ ನೀರಿಗೆ ಕರೆಂಟ್ ಹಾಯಿಸಿ ಹೈಡ್ರೋಜನ್ ತೆಗೆಯುವುದು. ಆ ಹೈಡ್ರೋಜನ್ ಅನ್ನು ಫ್ಯೂಯಲ್ ಸೆಲ್‌ಗೆ ಕೊಟ್ಟರೆ ಕರೆಂಟ್ ಬರುತ್ತದೆ, ಹೊಗೆ ಬರುವ ಜಾಗದಲ್ಲಿ ನೀರು ಬರುತ್ತದೆ. ಶಾಲೆಯಲ್ಲಿ ಇದನ್ನು ಜಲಜನಕ ಅಂತ ಓದಿದ್ದೆವಲ್ಲ, ನೀರನ್ನು ಹುಟ್ಟಿಸುವುದು ಅಂತ ಅರ್ಥ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಆ ಪದದ ಅರ್ಥ, ಟ್ಯೂಬಿನ ತುದಿಯಲ್ಲಿ ಮೊದಲ ಹನಿ ನೇತಾಡಿದಾಗಲೇ ನನಗೆ ತಲೆಗೆ ಹೋದದ್ದು.

ಮೊದಲ ಪ್ರಯತ್ನ: ಕ್ಲೋರಿನ್ ಕಾರ್ಖಾನೆ

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಒಂದು ಗಾಜಿನ ಜಾಡಿಯಲ್ಲಿ ಸಮುದ್ರದ ನೀರು, ಹಳೆ ಬ್ಯಾಟರಿ ಸೆಲ್ ಬಿಚ್ಚಿ ತೆಗೆದ ಎರಡು ಕಾರ್ಬನ್ ಕಡ್ಡಿ, 12 ವೋಲ್ಟ್ ಸಪ್ಲೈ. ಸ್ವಿಚ್ ಹಾಕಿದ ತಕ್ಷಣ ಎರಡೂ ಕಡ್ಡಿಯಲ್ಲಿ ಗುಳ್ಳೆ ಎದ್ದವು. ಆಹಾ ಅಂದುಕೊಂಡೆ. ಎರಡು ನಿಮಿಷಕ್ಕೆ ಮೂಗಿಗೆ ಈಜುಕೊಳದ ವಾಸನೆ ಬಡಿಯಿತು. ಪಾಸಿಟಿವ್ ಕಡ್ಡಿಯಲ್ಲಿ ಬರುತ್ತಿದ್ದದ್ದು ಹೆಚ್ಚಾಗಿ ಆಮ್ಲಜನಕ ಅಲ್ಲ, ಕ್ಲೋರಿನ್. ಆ ನೀರಿನಲ್ಲಿ ಒಂದು ನೀಲಿ ಬಟ್ಟೆ ಚೂರು ಅದ್ದಿ ಇಟ್ಟೆ. ಸ್ವಲ್ಪ ಹೊತ್ತಿಗೆ ಅದ್ದಿದ ಭಾಗ ಬೆಳ್ಳಗಾಯಿತು. ಅಂದರೆ ನಾನು ಮಾಡಿದ್ದು ಬ್ಲೀಚ್. ಕಿಟಕಿ ಎಲ್ಲ ತೆಗೆದು, ಸ್ವಿಚ್ ಆಫ್ ಮಾಡಿ ಹೊರಗೆ ಓಡಿದೆ. ದಯವಿಟ್ಟು ಇದನ್ನು ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ, ಮಾಡಲೇಬೇಡಿ ಅಂದರೂ ಸರಿ.

ಯಾಕೆ ಹೀಗಾಗುತ್ತದೆ ಅಂದರೆ, ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಅದರಲ್ಲಿ 19 ಗ್ರಾಂನಷ್ಟು ಕ್ಲೋರೈಡ್. ಲೆಕ್ಕದ ಪ್ರಕಾರ ಆಮ್ಲಜನಕ ಬಿಡಿಸಲು 1.23 ವೋಲ್ಟ್ ಸಾಕು, ಕ್ಲೋರಿನ್‌ಗೆ 1.36 ಬೇಕು. ಹಾಗಾದರೆ ಆಮ್ಲಜನಕವೇ ಮೊದಲು ಬರಬೇಕಲ್ವಾ? ಬರಲ್ಲ. ಆಮ್ಲಜನಕ ಹುಟ್ಟಲು ನಾಲ್ಕು ಎಲೆಕ್ಟ್ರಾನ್ ಕೈ ಬದಲಾಗಬೇಕು, ಅದು ಸೋಮಾರಿ ಕ್ರಿಯೆ. ಕ್ಲೋರಿನ್‌ಗೆ ಎರಡೇ ಎಲೆಕ್ಟ್ರಾನ್. ಅದು ಸುಲಭವಾಗಿ ನುಗ್ಗಿಬಿಡುತ್ತದೆ. 0.13 ವೋಲ್ಟ್ ಅಂತರ ಅದನ್ನು ತಡೆಯಲು ಯಾತಕ್ಕೂ ಸಾಲದು.

ನೆಗೆಟಿವ್ ಕಡ್ಡಿಯ ಕಥೆ ಬೇರೆ. ಮುಕ್ಕಾಲು ಗಂಟೆ ಆದ ಮೇಲೆ ನೋಡಿದರೆ ಅದರ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಹೈಡ್ರೋಜನ್ ಬಿಡುವ ಜಾಗದಲ್ಲಿ ನೀರು ಕ್ಷಾರವಾಗುತ್ತದೆ. ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಅಲ್ಲೇ ಕಟ್ಟಿಕೊಳ್ಳುತ್ತವೆ. ಪದರ ದಪ್ಪ ಆದಷ್ಟೂ ಕರೆಂಟ್ ಇಳಿಯುತ್ತದೆ. ಇತ್ತ ಪಾಸಿಟಿವ್ ಕಡ್ಡಿ ಪುಡಿಪುಡಿಯಾಗಿ ಉದುರಿ ನೀರು ಕಪ್ಪಾಗಿತ್ತು. ಒಂದು ಕಡೆ ಸುಣ್ಣ, ಒಂದು ಕಡೆ ಮಸಿ.

ಕಡ್ಡಿ ಬದಲು ಸ್ಟೀಲ್ ಚಮಚ ಹಾಕೋಣ ಅನ್ನುವವರಿಗೆ ಒಂದು ಮಾತು. ಉಪ್ಪು ನೀರಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಅನ್ನು ಪಾಸಿಟಿವ್‌ಗೆ ಕೊಟ್ಟರೆ ಅದು ಕರಗುತ್ತದೆ. ನಿಕ್ಕಲ್, ಕ್ರೋಮಿಯಂ ಎಲ್ಲ ನೀರಿಗೆ ಬರುತ್ತವೆ. ಅದರಲ್ಲಿ ಆರು-ವೇಲೆನ್ಸಿ ಕ್ರೋಮಿಯಂ ಕ್ಯಾನ್ಸರ್ ತರುವ ಪದಾರ್ಥ. ಚರಂಡಿಗೆ ಸುರಿಯುವಂಥದ್ದೂ ಅಲ್ಲ.

ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂತ ಗಾದೆ. ನನಗೆ ಉಲ್ಟಾ ಆಗಿತ್ತು. ಉಪ್ಪು ಧಾರಾಳವಾಗಿತ್ತು, ನೀರಿಗೇ ಬಡತನ.

ಉಪ್ಪನ್ನು ಬಾಗಿಲಲ್ಲೇ ನಿಲ್ಲಿಸುವುದು

ಇಲ್ಲಿಗೆ ಒಂದು ವಿಷಯ ಸ್ಪಷ್ಟವಾಯಿತು. ನನ್ನ ತಲೆನೋವು ಹೈಡ್ರೋಜನ್ ಅಲ್ಲ, ಉಪ್ಪು. ಹೈಡ್ರೋಜನ್ ತೆಗೆಯುವ ವಿದ್ಯೆ 1800ರಿಂದ ಇದೆ, ನಿಕಲ್ಸನ್ ಮತ್ತು ಕಾರ್ಲೈಲ್ ಆಗಲೇ ಮಾಡಿ ತೋರಿಸಿದ್ದರು. ಗ್ಯಾಸ್ ಎರಡನ್ನೂ ಸೇರಿಸಿ ಕರೆಂಟ್ ತೆಗೆಯುವುದನ್ನು ವಿಲಿಯಂ ಗ್ರೋವ್ 1839ರ ಸುಮಾರಿಗೇ ತೋರಿಸಿದ್ದ. ಉಪ್ಪನ್ನು ಕರೆಂಟ್ ಇರುವ ಕಡೆಗೆ ಬಿಡದೆ ನೀರನ್ನು ಮಾತ್ರ ಬಿಡುವುದು ಹೇಗೆ ಅನ್ನುವುದೇ ಪ್ರಶ್ನೆ.

ಸುಲಭದ ದಾರಿ, ನೀರನ್ನು ಮೊದಲೇ ಕಾಯಿಸಿ ಭಟ್ಟಿ ಇಳಿಸುವುದು ಅಥವಾ ಆರ್‌ಒ ಮಾಡುವುದು. ಎನರ್ಜಿ ಅಬ್ಸರ್ವರ್ ಅನ್ನುವ ದೋಣಿ ಮಾಡುವುದು ಅದನ್ನೇ. 1983ರಲ್ಲಿ ರೇಸಿಗಾಗಿ ಕಟ್ಟಿದ್ದ ಆ ದೋಣಿ, 2017ರಲ್ಲಿ ಹೊಸ ರೂಪದಲ್ಲಿ ನೀರಿಗಿಳಿಯಿತು. ಸಮುದ್ರದ ನೀರಿನ ಉಪ್ಪು ತೆಗೆದು, ಸೋಲಾರ್ ಕರೆಂಟಿನಲ್ಲಿ ಹೈಡ್ರೋಜನ್ ಮಾಡಿ, ಟ್ಯಾಂಕಿಗೆ ತುಂಬಿಕೊಂಡು, ಬೇಕಾದಾಗ ಫ್ಯೂಯಲ್ ಸೆಲ್‌ನಲ್ಲಿ ಕರೆಂಟ್ ಮಾಡಿಕೊಳ್ಳುತ್ತದೆ. ಅದು ಬುದ್ಧಿವಂತರ ದಾರಿ.

ನಾನು ಹಿಡಿದದ್ದು ಇನ್ನೊಂದು. 2022ರಲ್ಲಿ ಹೆಪಿಂಗ್ ಶಿಯೇ ಅವರ ಚೀನೀ ತಂಡ ಒಂದು ಉಪಾಯ ಪ್ರಕಟಿಸಿತು. ಒಂದು ಕಡೆ ಸಮುದ್ರದ ನೀರು, ಇನ್ನೊಂದು ಕಡೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರದ ಗಟ್ಟಿ ದ್ರಾವಣ, ಮಧ್ಯೆ ತೆಳುವಾದ ಟೆಫ್ಲಾನ್ ಹಾಳೆ. ಹಾಳೆಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ಟೆಫ್ಲಾನ್‌ಗೆ ನೀರು ಅಂಟಲ್ಲ, ಹಾಗಾಗಿ ನೀರು ದ್ರವವಾಗಿ ಆ ತೂತಿನೊಳಗೆ ಹೋಗಲ್ಲ. ಆದರೆ ಆವಿ ಹೋಗುತ್ತದೆ. ಗಟ್ಟಿ ಕ್ಷಾರದ ಮೇಲಿನ ಆವಿಯ ಒತ್ತಡ ಸಮುದ್ರದ ನೀರಿಗಿಂತ ತುಂಬಾ ಕಡಿಮೆ. ಅದು ಪಕ್ಕದಿಂದ ಆವಿಯನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಗಾಳಿಯ ತೇವ ಎಳೆದುಕೊಂಡು ಒದ್ದೆಯಾಗುವ ಹಾಗೆ. ಉಪ್ಪು ಆವಿಯಾಗಲ್ಲ, ಅದು ಆಚೆಯೇ ಉಳಿಯುತ್ತದೆ. ಆ ತಂಡ ಚದರ ಸೆಂಟಿಮೀಟರಿಗೆ 250 ಮಿಲಿಆಂಪಿಯರ್‌ನಲ್ಲಿ 3,200 ಗಂಟೆಗಿಂತ ಜಾಸ್ತಿ ಓಡಿಸಿ ತೋರಿಸಿತ್ತು. ಓದಿದ ಕೂಡಲೇ ಅನಿಸಿತು, ಇದನ್ನು ಮೇಜಿನ ಮೇಲೆ ಮಾಡಬಹುದು.

ಪೆಟ್ಟಿಗೆ ಕಟ್ಟಿದ್ದು

ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಹಲಗೆ ಇದೆಯಲ್ಲ, ದಪ್ಪನೆಯ ಎಚ್‌ಡಿಪಿಇ, ಅದಕ್ಕಿಂತ ಒಳ್ಳೆ ಸಾಮಾನು ಈ ಕೆಲಸಕ್ಕಿಲ್ಲ. ಕ್ಷಾರ ಅದಕ್ಕೆ ಏನೂ ಮಾಡಲ್ಲ, ಗರಗಸದಲ್ಲಿ ಸಲೀಸಾಗಿ ಕೊಯ್ಯಬಹುದು. 12 ಮಿಲಿಮೀಟರ್ ದಪ್ಪದ ಹಲಗೆಯಿಂದ ಮೂರು ಚೌಕಟ್ಟು ಕತ್ತರಿಸಿದೆ, ಒಳಗಿನ ಜಾಗ 6 ಸೆಂಟಿಮೀಟರ್ ಅಗಲ, 14 ಎತ್ತರ. ಸಾಲು ಹೀಗೆ: ಸಮುದ್ರದ ನೀರಿನ ಚೌಕಟ್ಟು, ಅದರ ಪಕ್ಕ ಟೆಫ್ಲಾನ್ ಹಾಳೆ, ಆಮೇಲೆ ಹೈಡ್ರೋಜನ್ ಕಡೆಯ ಕ್ಷಾರ, ನಡುವೆ ನಾನ್‌ವೋವನ್ ಪಾಲಿಪ್ರೊಪಿಲೀನ್ ಬಟ್ಟೆ, ಆಮೇಲೆ ಆಮ್ಲಜನಕದ ಕಡೆಯ ಕ್ಷಾರ. ಎರಡು ತುದಿಗೂ ಗಟ್ಟಿ ಹಲಗೆ, ಸುತ್ತ ಎಂಟು ಬೋಲ್ಟ್. ಕ್ಷಾರದ ಮಟ್ಟ ನೋಡಲು ಪಕ್ಕದಲ್ಲಿ ಒಂದು ಪಾರದರ್ಶಕ ಟ್ಯೂಬ್.

ಟೆಫ್ಲಾನ್ ಹಾಳೆ ಅಂದರೆ ಲ್ಯಾಬ್‌ನಲ್ಲಿ ಸೋಸಲು ಬಳಸುವ 47 ಮಿಲಿಮೀಟರ್ ಬಿಲ್ಲೆ, 0.45 ಮೈಕ್ರಾನ್ ತೂತಿನದು. ಕೊಳ್ಳುವಾಗ ನೀರನ್ನು ಹಿಮ್ಮೆಟ್ಟಿಸುವ ಬಗೆಯದನ್ನೇ ಕೇಳಿ ತೆಗೆದುಕೊಳ್ಳಿ, ನೀರು ಹೀರುವ ಹಾಗೆ ಮಾಡಿದ ಟೆಫ್ಲಾನ್ ಕೂಡ ಬರುತ್ತದೆ, ಅದು ಈ ಕೆಲಸಕ್ಕೆ ಪೂರ್ತಿ ದಂಡ. ಎಲೆಕ್ಟ್ರೋಡ್‌ಗೆ ನಿಕ್ಕಲ್ ಜಾಲರಿ, 5 ಸೆಂಟಿಮೀಟರ್ ಚೌಕ, ಎರಡು ತುಂಡು. ಓ-ರಿಂಗ್ ಇಪಿಡಿಎಂ ರಬ್ಬರಿನದು. ಕಾರಿನ ಕೆಲಸಕ್ಕೆ ತಂದಿದ್ದ ವಿಟಾನ್ ರಿಂಗ್ ಮನೆಯಲ್ಲಿತ್ತು, ಆದರೆ ಗಟ್ಟಿ ಕ್ಷಾರಕ್ಕೆ ವಿಟಾನ್ ಬಾಳಿಕೆ ಬರಲ್ಲ.

ಕ್ಷಾರ ಕಲಸುವುದು ಈ ಇಡೀ ಕೆಲಸದ ಅಪಾಯದ ಭಾಗ. 30 ಶೇಕಡಾ ದ್ರಾವಣ ಬೇಕು. ಅಂಗಡಿಯಲ್ಲಿ ಸಿಗುವ ಹರಳಿನಲ್ಲಿ ಸುಮಾರು 85 ಭಾಗವೇ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಉಳಿದದ್ದು ಹೆಚ್ಚಾಗಿ ನೀರು. ಹಾಗಾಗಿ 100 ಗ್ರಾಂ ದ್ರಾವಣಕ್ಕೆ 30 ಅಲ್ಲ, 35 ಗ್ರಾಂ ಹರಳು ಹಾಕಬೇಕು. ಯಾವಾಗಲೂ ನೀರಿಗೆ ಹರಳು ಹಾಕಿ, ಹರಳಿನ ಮೇಲೆ ನೀರು ಸುರಿಯಬೇಡಿ. ಸ್ವಲ್ಪಸ್ವಲ್ಪವೇ ಹಾಕಿದರೂ ಡಬ್ಬಿ ಕೈ ಸುಡುವಷ್ಟು ಬಿಸಿಯಾಗುತ್ತದೆ. ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ, ಕೈಗೆ ಗ್ಲೌಸ್. ಕ್ಷಾರ ಕಣ್ಣಿಗೆ ಬಿದ್ದರೆ ಆಸಿಡ್‌ಗಿಂತ ಕೆಟ್ಟದು, ಒಳಗೆ ಇಳಿಯುತ್ತಾ ಹೋಗುತ್ತದೆ. ಉಳಿದ ಕ್ಷಾರವನ್ನು ನಾನು ಕುಡಿಯುವ ನೀರಿನ ಖಾಲಿ ಬಾಟಲಿಗೆ ತುಂಬಿಟ್ಟಿದ್ದೆ. ಅದು ಪೆಟ್ ಪ್ಲಾಸ್ಟಿಕ್. ಕೆಲವು ದಿನಕ್ಕೆ ಬಾಟಲಿ ಮಂಜುಮಂಜಾಗಿ, ತಳದಲ್ಲಿ ಬಿರುಕು ಬಿಟ್ಟು, ಕಪಾಟಿನ ಹಲಗೆಯ ಬಣ್ಣ ಎದ್ದು ಬಂತು. ಕುಡಿಯುವ ನೀರಿನ ಬಾಟಲಿಯಲ್ಲಿ ಇಂಥದ್ದನ್ನು ಇಡುವುದೇ ತಪ್ಪು, ಬೈಸಿಕೊಂಡಿದ್ದೂ ಆಯಿತು.

ರಾತ್ರಿ ಕುಡಿಯುತ್ತದೆ, ಹಗಲು ದುಡಿಯುತ್ತದೆ

ಮೊದಲು ಕರೆಂಟ್ ಕೊಡದೆ ನೋಡಿದೆ. ಕ್ಷಾರವನ್ನು 10 ಸೆಂಟಿಮೀಟರ್ ಮಟ್ಟಕ್ಕೆ ತುಂಬಿ, ಆಚೆ ಸಮುದ್ರದ ನೀರು ತುಂಬಿ, ಪಕ್ಕದ ಟ್ಯೂಬಿಗೆ ಮಾರ್ಕರ್‌ನಲ್ಲಿ ಗೆರೆ ಹಾಕಿ ಮಲಗಿದೆ. ಬೆಳಗ್ಗೆ, ಅಂದರೆ 12 ಗಂಟೆ ಕಾಲ ಕಳೆದ ಮೇಲೆ, ಮಟ್ಟ ಗೆರೆಯಿಂದ 5 ಮಿಲಿಮೀಟರ್ ಮೇಲಿತ್ತು. ಲೆಕ್ಕ ಹಾಕಿದರೆ ಸುಮಾರು 7 ಮಿಲಿಲೀಟರ್. ಯಾವ ಪಂಪೂ ಇಲ್ಲ, ಬಿಸಿಯೂ ಇಲ್ಲ. ಸುಮ್ನೆ ಕೂತು ನೀರು ಎಳೆದುಕೊಂಡಿತ್ತು. ಈ ಯೋಜನೆಯಲ್ಲಿ ನನಗೆ ಅತಿ ಇಷ್ಟವಾದ ಕ್ಷಣ ಅದೇ, ಹೈಡ್ರೋಜನ್ ಬಂದಾಗಲೂ ಅಷ್ಟು ಖುಷಿ ಆಗಲಿಲ್ಲ.

ಆಮೇಲೆ 2 ಆಂಪಿಯರ್ ಕೊಟ್ಟೆ. ವೋಲ್ಟೇಜ್ 2.4 ತೋರಿಸಿತು, ಸ್ವಲ್ಪ ಜಾಸ್ತಿ. ಜಾಲರಿಗಳನ್ನು ನಡುವಿನ ಬಟ್ಟೆಗೆ ಹತ್ತಿರ ಬಗ್ಗಿಸಿದ ಮೇಲೆ 2.1ಕ್ಕೆ ಇಳಿಯಿತು. ಕ್ಲೋರಿನ್ ವಾಸನೆ ಇಲ್ಲವೇ ಇಲ್ಲ. 2 ಆಂಪಿಯರಿಗೆ ಗಂಟೆಗೆ 0.67 ಗ್ರಾಂ ನೀರು ಒಡೆಯುತ್ತದೆ, ಹಾಳೆಯಿಂದ ಬರುವುದು ಗಂಟೆಗೆ 0.6 ಗ್ರಾಂ. ಕೂದಲೆಳೆಯಷ್ಟು ಕಮ್ಮಿ. ಇನ್ನೊಂದು ಬಿಲ್ಲೆ ಹಾಕಬೇಕೇನೋ ಅಂದುಕೊಂಡೆ. ಆದರೆ ನಾನು ಹಗಲು ಮಾತ್ರ ಓಡಿಸುವುದು, ಹೈಡ್ರೋಜನ್ ಬರುವ ಪೆಟ್ಟಿಗೆಯನ್ನು ಬಿಟ್ಟು ಮಲಗುವ ಧೈರ್ಯ ನನಗಿಲ್ಲ. ಹಾಗಾಗಿ ರಾತ್ರಿ ಅದು ನೀರು ಕುಡಿಯುತ್ತದೆ, ಹಗಲು ದುಡಿಯುತ್ತದೆ.

ತೊಂದರೆ ಏನಾಯಿತು ಅಂದರೆ ಕುಡಿತ ಜಾಸ್ತಿಯಾಯಿತು. ದಿನಕ್ಕೆ ಒಡೆಯುವುದು ಆರೇಳು ಗ್ರಾಂ, ಎಳೆದುಕೊಳ್ಳುವುದು ಅದರ ಎರಡರಷ್ಟು. ಮಟ್ಟ ದಿನಾ ಏರುತ್ತಾ ಹೋಯಿತು. ಉಕ್ಕಿ ಗ್ಯಾಸ್ ಟ್ಯೂಬಿಗೆ ಬರುತ್ತದೆ ಅಂತ ನಾನು ಖಾಲಿ ಮಾಡಲು ಸಿದ್ಧನಾಗಿದ್ದೆ. ಆದರೆ ಒಂದು ವಾರ ಕಳೆದ ಮೇಲೆ ಏರಿಕೆ ತಾನಾಗೇ ನಿಧಾನವಾಯಿತು, ಮೇಲಿನ ಅಂಚಿಗೆ ಒಂದು ಸೆಂಟಿಮೀಟರ್ ಇರುವಾಗ ಹೆಚ್ಚುಕಡಿಮೆ ನಿಂತೇ ಹೋಯಿತು. ಬ್ಯಾಟರಿ ಆಸಿಡ್ ನೋಡುವ ಹೈಡ್ರೋಮೀಟರ್ ಇಟ್ಟು ನೋಡಿದೆ. ಮೊದಲ ದಿನ 1.29 ಇದ್ದದ್ದು ಈಗ 1.23. ಕ್ಷಾರ ತೆಳುವಾಗಿತ್ತು, ತೆಳುವಾದಷ್ಟೂ ಎಳೆಯುವ ಶಕ್ತಿ ಕಡಿಮೆ, ಕೊನೆಗೆ ದಿನಕ್ಕೆ ಎಷ್ಟು ಒಡೆಯುತ್ತದೋ ಅಷ್ಟೇ ಎಳೆಯುವ ಮಟ್ಟಕ್ಕೆ ಬಂದು ಕೂತಿತ್ತು. ಹಸಿವಾದಷ್ಟು ಮಾತ್ರ ತಿನ್ನುವ ಯಂತ್ರ. ಸೆನ್ಸರ್ ಇಲ್ಲ, ಪ್ರೋಗ್ರಾಂ ಇಲ್ಲ.

ಎರಡು ಅವಘಡ

ಒಂದು, ಒತ್ತಡದ್ದು. ಹೈಡ್ರೋಜನ್ ಹಿಡಿಯಲು ನೀರಿನಲ್ಲಿ ಬೋರಲು ಹಾಕಿದ ಜಾಡಿ ಇಟ್ಟಿದ್ದೆ. ಅದರ ಟ್ಯೂಬ್ 12 ಸೆಂಟಿಮೀಟರ್ ಆಳಕ್ಕೆ ಮುಳುಗಿತ್ತು. ಆಮ್ಲಜನಕದ ಟ್ಯೂಬ್ ಮಾತ್ರ ಸುಮ್ನೆ ಗಾಳಿಗೆ ಬಿಟ್ಟಿದ್ದೆ. ಗ್ಯಾಸ್ ಬರಲು ಶುರುವಾದ ಮೇಲೆ ಹೈಡ್ರೋಜನ್ ಕಡೆ ಒತ್ತಡ ಕಟ್ಟಿ, ಕ್ಷಾರವನ್ನು ಬಟ್ಟೆಯ ಮೂಲಕ ಆಚೆ ತಳ್ಳಿತು. ಆಮ್ಲಜನಕದ ಟ್ಯೂಬಿನಿಂದ ಕ್ಷಾರ ಪಿಚಕಾರಿ ಹಾಗೆ ಮೇಜಿನ ಮೇಲೆ. ಮೇಜಿನ ಮೇಲಿದ್ದ ಅಲ್ಯೂಮಿನಿಯಂ ಸ್ಕೇಲಿಗೆ ತಾಗಿದ್ದೇ ಅದೂ ಬುಸ್ ಅಂತ ಗುಳ್ಳೆ ಬಿಡಲು ಶುರು ಮಾಡಿತು. ಅದೂ ಹೈಡ್ರೋಜನ್ನೇ, ನೋಡಿ! ಈಗ ಎರಡೂ ಟ್ಯೂಬ್ ಒಂದೇ ಆಳಕ್ಕೆ ಮುಳುಗಿರುತ್ತವೆ. ಅಷ್ಟೇ ರಿಪೇರಿ. ಆದರೆ ಈ ಸಮ ಒತ್ತಡ ಅನ್ನುವುದು ಸೌಕರ್ಯದ ಮಾತಲ್ಲ, ಎರಡು ಗ್ಯಾಸ್ ಬೆರೆಯದಂತೆ ಕಾಯುವುದೂ ಅದೇ.

ಎರಡನೆಯದು ನನ್ನ ಶುಚಿತ್ವದಿಂದ ಆದದ್ದು. ಸಮುದ್ರದ ನೀರಿನ ಚೌಕಟ್ಟಿನಲ್ಲಿ ಪಾಚಿ ಹಿಡಿದಿತ್ತು ಅಂತ ಬಿಚ್ಚಿ, ಪಾತ್ರೆ ತೊಳೆಯುವ ಸೋಪಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದೆ. ಮರುದಿನ ಬೆಳಗ್ಗೆ ಟ್ಯೂಬಿನಲ್ಲಿ ಕ್ಷಾರ ನೋಡಿದರೆ ನೀರು ಬೆರೆಸಿದ ಹಾಲಿನ ಹಾಗಿತ್ತು. ಅಲ್ಲಾಡಿಸಿದರೆ ಬಿಳಿ ಮೋಡ ಏಳುತ್ತದೆ, ಬಿಟ್ಟರೆ ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ. ಮೊದಲು ಹಲಗೆಯ ಪುಡಿ ಅಂದುಕೊಂಡೆ. ಆಮೇಲೆ ಹೊಳೆಯಿತು: ಇದು ಮೆಗ್ನೀಸಿಯಂ ಹೈಡ್ರಾಕ್ಸೈಡ್. ಮಲಬದ್ಧತೆಗೆ ಕುಡಿಸುತ್ತಾರಲ್ಲ, ಆ ಬಿಳಿ ಔಷಧಿ, ಅದೇ. ಮೆಗ್ನೀಸಿಯಂ ಕ್ಷಾರದ ಕಡೆ ಬರಬೇಕಾದರೆ ಸಮುದ್ರದ ನೀರು ದ್ರವವಾಗಿಯೇ ಹಾಳೆ ದಾಟಿರಬೇಕು. ಸೋಪಿನ ಕೆಲಸವೇ ಅಂಟದ ಕಡೆ ನೀರನ್ನು ಅಂಟಿಸುವುದು. ಚೌಕಟ್ಟಿನ ಮೂಲೆಯಲ್ಲಿ ಉಳಿದಿದ್ದ ಒಂಚೂರು ಸೋಪು ಸಾಕಾಯಿತು, ಟೆಫ್ಲಾನ್ ತೂತಿನೊಳಗೆ ನೀರು ಹೊಕ್ಕಿತು.

ಖಚಿತ ಮಾಡಿಕೊಳ್ಳಲು ಎರಡು ಹನಿ ಕ್ಷಾರಕ್ಕೆ ನೈಟ್ರಿಕ್ ಆಮ್ಲ ಹಾಕಿ, ಆಮ್ಲೀಯವಾದ ಮೇಲೆ ಸಿಲ್ವರ್ ನೈಟ್ರೇಟ್ ಬಿಟ್ಟೆ. ದಪ್ಪ ಬಿಳಿ ಮೊಸರು. ಕ್ಲೋರೈಡ್ ಬಂದಿದೆ. ಆಮ್ಲ ಹಾಕದೆ ಬಿಟ್ಟರೆ ಕ್ಷಾರದಲ್ಲಿ ಬೆಳ್ಳಿ ಕಂದು ಬಣ್ಣಕ್ಕೆ ತಿರುಗಿ ಏನೂ ಗೊತ್ತಾಗಲ್ಲ, ಆ ತಪ್ಪನ್ನೂ ಮೊದಲು ಮಾಡಿದ್ದೆ. ಹೊಸ ಬಿಲ್ಲೆ, ಹೊಸ ಕ್ಷಾರ. ಈಗ ಸಮುದ್ರದ ಕಡೆ ಬರೀ ನೀರು ಮತ್ತು ಹಳೆ ಟೂತ್‌ಬ್ರಶ್, ಸೋಪು ಆ ಮೇಜಿನ ಹತ್ತಿರಕ್ಕೂ ಬರಲ್ಲ. ಪಾಚಿ ತಡೆಯಲು ನೀರನ್ನು ಮೊದಲೇ ಬಟ್ಟೆಯಲ್ಲಿ ಸೋಸಿ, ಪೆಟ್ಟಿಗೆಯ ಮೇಲೆ ಕಪ್ಪು ಬಟ್ಟೆ ಹೊದಿಸುತ್ತೇನೆ.

ಗ್ಯಾಸ್‌ನಿಂದ ಮತ್ತೆ ನೀರಿಗೆ

2 ಆಂಪಿಯರಿಗೆ ಗಂಟೆಗೆ ಸುಮಾರು 0.9 ಲೀಟರ್ ಹೈಡ್ರೋಜನ್ ಬರುತ್ತದೆ. ನಾನು ಸಿಲಿಂಡರ್, ಕಂಪ್ರೆಸರ್ ಯಾವುದಕ್ಕೂ ಕೈ ಹಾಕಲಿಲ್ಲ. ಬೋರಲು ಜಾಡಿಯಲ್ಲಿ ಹೆಚ್ಚೆಂದರೆ ಎರಡು ಲೀಟರ್, ಬಂದದ್ದು ಬಂದ ಹಾಗೆ ಖರ್ಚು. ಹೈಡ್ರೋಜನ್ ಗಾಳಿಯಲ್ಲಿ 4ರಿಂದ 75 ಶೇಕಡಾ ಬೆರೆತರೂ ಹೊತ್ತಿಕೊಳ್ಳುತ್ತದೆ, ಕೈಗೆ ಚುರುಕ್ ಅನ್ನದಷ್ಟು ಸಣ್ಣ ಕಿಡಿಯೂ ಸಾಕು, ಬೆಳಕಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೂ ಇಲ್ಲ. ಮೊದಲ ಹತ್ತು ನಿಮಿಷದ ಗ್ಯಾಸನ್ನು ಹೊರಗೆ ಬಿಟ್ಟುಬಿಡುತ್ತೇನೆ. ಆಮೇಲೆ ಸಣ್ಣ ಪರೀಕ್ಷಾ ನಳಿಗೆಯಲ್ಲಿ ಒಂದಿಷ್ಟು ಹಿಡಿದು, ಪೆಟ್ಟಿಗೆಯಿಂದ ದೂರ ಹೋಗಿ, ಕಡ್ಡಿ ಗೀರುತ್ತೇನೆ. ಮೆತ್ತಗೆ ಪಫ್ ಅಂದರೆ ಶುದ್ಧ. ಕೀಚಲು ಸದ್ದಿನಲ್ಲಿ ಸಿಡಿದರೆ ಗಾಳಿ ಬೆರೆತಿದೆ, ಇನ್ನಷ್ಟು ಬಿಡಬೇಕು.

ಫ್ಯೂಯಲ್ ಸೆಲ್ ಮಾತ್ರ ನಾನು ಮಾಡಿದ್ದಲ್ಲ, ಕೊಂಡದ್ದು. ಕಲಿಕೆಗೆ ಬರುವ ಒಂಟಿ ಸೆಲ್, ಪ್ರೋಟಾನ್ ದಾಟಿಸುವ ಪೊರೆಯದು, ಎರಡೂ ಕಡೆ ಮುಚ್ಚಿ ಟ್ಯೂಬ್ ಕೊಟ್ಟಿರುವಂಥದ್ದು. ಗ್ಯಾಸ್ ಜೊತೆ ಬರುವ ಕ್ಷಾರದ ತುಂತುರು ಇದಕ್ಕೆ ವಿಷ, ಪೊಟ್ಯಾಸಿಯಂ ಹೋಗಿ ಪೊರೆಯಲ್ಲಿ ಕೂತರೆ ಪ್ರೋಟಾನ್‌ಗೆ ಜಾಗವೇ ಇರಲ್ಲ. ಅದಕ್ಕೇ ಎರಡೂ ಗ್ಯಾಸ್ ಮೊದಲು ಎರಡೆರಡು ಡಿಸ್ಟಿಲ್ಡ್ ವಾಟರ್ ಬಾಟಲಿಯಲ್ಲಿ ಗುಳುಗುಳು ಅಂತ ತೊಳೆದುಕೊಂಡು ಹೋಗುತ್ತವೆ. ಹಿಂದಿನಿಂದ ಬೆಂಕಿ ಬಂದರೆ ಅಲ್ಲೇ ನಿಲ್ಲಿಸುವುದೂ ಆ ಬಾಟಲಿಗಳೇ.

ಲೋಡ್‌ಗೆ 0.33 ಓಮ್ ರೆಸಿಸ್ಟರ್. ಸೆಲ್ 0.6 ವೋಲ್ಟ್, 1.8 ಆಂಪಿಯರಿಗೆ ಬಂದು ನಿಂತಿತು. ಸ್ವಲ್ಪ ಹೊತ್ತು ಆಟಿಕೆ ಫ್ಯಾನ್ ಹಾಕಿ ತಿರುಗಿಸಿದೆ, ರೆಸಿಸ್ಟರ್ ಬಿಸಿಯಾಗುವುದನ್ನು ನೋಡಲು ಯಾರೂ ಬರಲ್ಲವಲ್ಲ.

ನೀರು ಹಿಡಿಯುವುದು ಅಂದುಕೊಂಡಷ್ಟು ಸುಲಭ ಆಗಲಿಲ್ಲ. ಮೊದಲು ಆಮ್ಲಜನಕದ ಬದಲು ಸಣ್ಣ ಅಕ್ವೇರಿಯಂ ಪಂಪಿನಿಂದ ಗಾಳಿ ಕೊಟ್ಟಿದ್ದೆ. ಹುಟ್ಟಿದ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆವಿಯಾಗಿ ಗಾಳಿಯ ಜೊತೆ ಹೊರಟುಹೋಯಿತು, ಹತ್ತು ಗಂಟೆಗೆ ಸಿಕ್ಕಿದ್ದು 2.3 ಗ್ರಾಂ. ಅದಕ್ಕಿಂತ ತಮಾಷೆ ಅಂದರೆ ಆ ಪಂಪ್ ತಿನ್ನುವುದು 1.5 ವ್ಯಾಟ್, ಸೆಲ್ ಕೊಡುವುದು 1.08. ಪಂಪ್ ಕಿತ್ತು ಹಾಕಿ, ಪೆಟ್ಟಿಗೆಯಿಂದಲೇ ಬರುವ ಆಮ್ಲಜನಕ ಕೊಟ್ಟೆ. ಎರಡಕ್ಕೆ ಒಂದರ ಲೆಕ್ಕದಲ್ಲಿ ಅದು ಹೇಗೂ ಬರುತ್ತಿದೆ, ವ್ಯರ್ಥ ಮಾಡುವುದು ಯಾಕೆ? ಹೊರಹೋಗುವ ಟ್ಯೂಬನ್ನು ಐಸ್ ನೀರಿನ ಲೋಟದಲ್ಲಿ ಎರಡು ಸುತ್ತು ಸುತ್ತಿ ಸಣ್ಣ ಬಾಟಲಿಗೆ ಬಿಟ್ಟೆ. 5.1 ಗ್ರಾಂ. ಲೆಕ್ಕದ ಪ್ರಕಾರ 1.8 ಆಂಪಿಯರಿಗೆ ಹತ್ತು ಗಂಟೆಗೆ 6 ಗ್ರಾಂ ಬರಬೇಕು. ಉಳಿದ 0.9 ಆವಿಯಾಗಿ ಹೋಗಿರಬೇಕು, ಟ್ಯೂಬಿನ ಗೋಡೆಗೆ ಹತ್ತಿರುವುದೂ ಇದೆ.

ಹಾಗಾದರೆ ಲಾಭ ಏನು

ಹಾಕಿದ್ದು 2.1 ವೋಲ್ಟ್, 2 ಆಂಪಿಯರ್, 10 ಗಂಟೆ, ಅಂದರೆ 42 ವ್ಯಾಟ್-ಅವರ್. ಬಂದದ್ದು 10.8. ಕಾಲು ಭಾಗ. ದೊಡ್ಡ ಯಂತ್ರಗಳು ಇದಕ್ಕಿಂತ ಚೆನ್ನಾಗಿ ಮಾಡುತ್ತವೆ, ಆದರೂ ಒಂದು ಕಿಲೋ ಹೈಡ್ರೋಜನ್‌ಗೆ 50 ಯೂನಿಟ್ ಮೇಲೆ ಕರೆಂಟ್ ಹಾಕಿ, ಫ್ಯೂಯಲ್ ಸೆಲ್‌ನಲ್ಲಿ 16-17 ಯೂನಿಟ್ ವಾಪಸ್ ಪಡೆಯುವ ಲೆಕ್ಕವೇ ಸಾಮಾನ್ಯ. ಸಮುದ್ರದಿಂದ ಪುಕ್ಕಟೆ ಕರೆಂಟ್ ಅಂತ ಯಾರಾದರೂ ಹೇಳಿದರೆ ಈ ಎರಡು ಸಂಖ್ಯೆ ತೋರಿಸಿ. ಸಮುದ್ರದ ನೀರು ಇಂಧನ ಅಲ್ಲ. ಅದು ಈಗಾಗಲೇ ಉರಿದು ಮುಗಿದ ಹೈಡ್ರೋಜನ್. ಅದರಿಂದ ತೆಗೆದ ಹೈಡ್ರೋಜನ್, ಬಿಸಿಲಿದ್ದಾಗಿನ ಕರೆಂಟನ್ನು ಮೋಡ ಬಂದಾಗಿನ ಹೊತ್ತಿಗೆ ಎತ್ತಿಡುವ ಡಬ್ಬಿ ಮಾತ್ರ.

ನೀರಿನ ಲೆಕ್ಕ ಇನ್ನೂ ಕೆಟ್ಟದು. ಸಮುದ್ರದ ನೀರು ಸಿಹಿ ಮಾಡುವ ದೊಡ್ಡ ಆರ್‌ಒ ಘಟಕಗಳು 1000 ಲೀಟರಿಗೆ 3-4 ಯೂನಿಟ್ ತಿನ್ನುತ್ತವೆ. ನಾನು ಸುಟ್ಟ 42 ವ್ಯಾಟ್-ಅವರ್‌ಗೆ ಅವು 10ರಿಂದ 14 ಲೀಟರ್ ಕೊಡುತ್ತವೆ. ನನಗೆ ಸಿಕ್ಕಿದ್ದು ಚಮಚ. ಅದಲ್ಲದೆ ಹಾಳೆ ದಾಟಿದಾಗಲೇ ಅದು ಸಿಹಿನೀರಾಗಿತ್ತು, ಹೈಡ್ರೋಜನ್ ಆಗಿ ಸುತ್ತಿ ಬಂದದ್ದರಿಂದ ಒಂದು ಹನಿಯೂ ಜಾಸ್ತಿ ಆಗಲಿಲ್ಲ. ಹಾಕಿದಷ್ಟೇ ವಾಪಸ್. ನೀರಷ್ಟೇ ಬೇಕಾದವರು ಹೈಡ್ರೋಜನ್ ದಾರಿ ಹಿಡಿಯಬೇಡಿ. ಹೇಗೂ ಹೈಡ್ರೋಜನ್ ಮಾಡಲೇಬೇಕು, ಹತ್ತಿರ ಸಮುದ್ರ ಬಿಟ್ಟರೆ ಬೇರೆ ನೀರಿಲ್ಲ ಅನ್ನುವ ಕಡೆ ಮಾತ್ರ ಇದಕ್ಕೆ ಅರ್ಥ. ಅಲ್ಲೂ ಒಂದು ಕಿಲೋ ಹೈಡ್ರೋಜನ್‌ಗೆ ಬೇಕಾದ 9 ಲೀಟರ್ ನೀರನ್ನು ಆರ್‌ಒ ಮಾಡಲು ಸುಮಾರು 0.03 ಯೂನಿಟ್ ಸಾಕು. 50 ಯೂನಿಟ್ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ ನನ್ನ ಟೆಫ್ಲಾನ್ ಹಾಳೆಯಿಂದ ಕರೆಂಟ್ ಉಳಿಯುತ್ತದೆ ಅಂತ ನಾನು ಹೇಳಲ್ಲ. ಉಳಿಯುವುದು ಪಂಪು ಮತ್ತು ಅದರ ರಿಪೇರಿ.

ಕುಡಿದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಟಿಡಿಎಸ್ ಮೀಟರ್ 6 ತೋರಿಸಿತು, ಲಿಟ್ಮಸ್ ಸ್ವಲ್ಪ ಆಮ್ಲದ ಕಡೆ. ಆದರೆ ಟಿಡಿಎಸ್ ಮೀಟರ್ ಉಪ್ಪು ಎಷ್ಟಿದೆ ಅಂತ ಹೇಳುತ್ತದೆ, ವಿಷ ಇದೆಯಾ ಅಂತ ಹೇಳಲ್ಲ. ಈ ಬಗೆಯ ಪೊರೆ ಹಳೆಯದಾದಂತೆ ಫ್ಲೋರೈಡ್ ಬಿಡುತ್ತದೆ, ಸೆಲ್‌ನ ಲೋಹದ ಭಾಗಗಳಿಂದ ಏನು ಬರುತ್ತದೋ. 1965ರ ಅಮೆರಿಕದ ಜೆಮಿನಿ ಬಾಹ್ಯಾಕಾಶ ನೌಕೆಯ ಫ್ಯೂಯಲ್ ಸೆಲ್‌ಗಳೂ ಪೊರೆಯವೇ, ಅವುಗಳ ನೀರು ಕುಡಿಯಲು ಯೋಗ್ಯವಾಗಿರಲಿಲ್ಲ. ಅಪೊಲೊಗೆ ಹೋಗುವಾಗ ಕ್ಷಾರದ ಫ್ಯೂಯಲ್ ಸೆಲ್ ಹಾಕಿದರು, ಆ ನೀರನ್ನು ಗಗನಯಾತ್ರಿಗಳು ಕುಡಿದರು. ಅದರಲ್ಲೂ ಹೈಡ್ರೋಜನ್ ಗುಳ್ಳೆ ಸೇರಿಕೊಂಡು ಹೊಟ್ಟೆ ಉಬ್ಬರ ಅಂತ ದೂರಿದ್ದರು. 1970ರಲ್ಲಿ ಅಪೊಲೊ 13ರ ಆಮ್ಲಜನಕ ಟ್ಯಾಂಕ್ ಒಡೆದಾಗ ಕರೆಂಟ್ ಜೊತೆ ಕುಡಿಯುವ ನೀರಿಗೂ ತತ್ವಾರ ಆದದ್ದು ಇದೇ ಕಾರಣಕ್ಕೆ, ಎರಡೂ ಒಂದೇ ಪೆಟ್ಟಿಗೆಯಿಂದ ಬರುತ್ತಿದ್ದವು.

ಆ 5.1 ಗ್ರಾಂ ನೀರನ್ನು ನಾನು ವಾಪಸ್ ಗ್ಯಾಸ್ ತೊಳೆಯುವ ಬಾಟಲಿಗೇ ಸುರಿದೆ, ಅದರಲ್ಲಿ ಮಟ್ಟ ಇಳಿದಿತ್ತು. ಈಗ ಪೆಟ್ಟಿಗೆ ಹೊಸ ಬಿಲ್ಲೆಯಲ್ಲಿ 19ನೇ ದಿನ ಓಡುತ್ತಿದೆ. ಸಮುದ್ರದ ಕಡೆಯ ಚೌಕಟ್ಟಿನ ಅಂಚಿನಲ್ಲಿ ಉಪ್ಪು ಬೆಳ್ಳಗೆ ಕಟ್ಟುತ್ತಿದೆ, ಎರಡು ದಿನಕ್ಕೊಮ್ಮೆ ನೀರು ಬದಲಿಸುತ್ತೇನೆ. ಇವತ್ತು ಬೆಳಗ್ಗೆ ಕ್ಷಾರದ ಎರಡು ಹನಿಗೆ ನೈಟ್ರಿಕ್ ಆಮ್ಲ ಹಾಕಿ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡಿದೆ. ತಿಳಿಯಾಗಿಯೇ ಇತ್ತು.